ಅಣ್ಣ ಹೊಸ್ತಿಲು ದಾಟುವುದಿಲ್ಲ. ಮನೆಗೇ ಬಂದು ನೋಡುವವರು ಯಾರಾದರೂ ಇದ್ದಾರಾ?

ಎಡದಂಡೆ · ಭಾನುವಾರ ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಊರು, ಕಾಲುವೆ ಪಕ್ಕ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಊರಲ್ಲಿ ಅವ್ವ, ಅಣ್ಣ ಇಬ್ಬರೇ.

ಅಣ್ಣನಿಗೆ ಈಗ 41. ಇಪ್ಪತ್ತಾರರಲ್ಲಿ ಶುರುವಾಯಿತು. ಮೊದಲು ನಿದ್ದೆ ಹೋಯಿತು. ಆಮೇಲೆ ರಾತ್ರಿ ಗೋಡೆ ಕಡೆ ಮುಖ ಮಾಡಿ ಒಬ್ಬನೇ ಮಾತಾಡುತ್ತಿದ್ದ. ಊರವರು ಗಾಳಿ ಸೋಕಿದೆ ಎಂದರು. ಒಂದಿಬ್ಬರು ಭಾನಾಮತಿ ಎಂದರು. ತಾಯತ, ಹರಕೆ, ಹುಣ್ಣಿಮೆ ಅಮಾವಾಸ್ಯೆ ಅಂತ ನಾಲ್ಕು ವರ್ಷ ಅದರಲ್ಲೇ ಹೋಯಿತು.

ಕೊನೆಗೆ ಒಂದು ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕರೆದುಕೊಂಡು ಅಂದರೆ, ನಾಲ್ಕು ಜನ ಹಿಡಿದು, ಕೈಕಾಲು ಕಟ್ಟಿ, ಟಾಟಾ ಏಸ್‌ನಲ್ಲಿ ಮಲಗಿಸಿ. ಹಿಡಿದವರಲ್ಲಿ ನಾನೂ ಒಬ್ಬ. ಸ್ಕಿಜೋಫ್ರೀನಿಯಾ ಎಂದರು. ಮೂರು ವಾರ ಇಟ್ಟುಕೊಂಡರು. ಬಿಡುವಾಗ ಒಂದು ಚೀಟಿ, ಒಂದು ತಿಂಗಳ ಗುಳಿಗೆ ಕೊಟ್ಟರು. ಮುಂದೆ ಏನು ಮಾಡಬೇಕು, ಯಾರನ್ನು ಕೇಳಬೇಕು ಅಂತ ಒಂದು ಮಾತಿಲ್ಲ. ಐದಾರು ತಿಂಗಳು ನುಂಗಿದ. ಕೈ ನಡುಗುತ್ತದೆ, ನಾಲಿಗೆ ದಪ್ಪ ಆಗುತ್ತದೆ ಅಂತ ಬಿಟ್ಟ. ಅದಾಗಿ ಹತ್ತು ವರ್ಷ. ಈಗ ಮನೆ ಮುಂದೆ ಗಾಡಿ ನಿಂತ ಸದ್ದು ಕೇಳಿದರೆ ಸಾಕು, ಕೋಣೆಯ ಚಿಲಕ ಬೀಳುತ್ತದೆ.

ಯಾರಿಗೂ ಹೊಡೆಯುವವನಲ್ಲ. ಸ್ನಾನ ಮಾಡುವುದಿಲ್ಲ, ಹೊರಗೆ ಬರುವುದಿಲ್ಲ, ಅಷ್ಟೇ. ಇನ್ನೊಮ್ಮೆ ಕಟ್ಟಿಕೊಂಡು ಹೋಗಲು ನನ್ನ ಕೈಲಿ ಆಗುವುದಿಲ್ಲ. ನಮ್ಮ ಕಡೆ ಮನೆಗೇ ಬಂದು ನೋಡುವ ವ್ಯವಸ್ಥೆ ಏನಾದರೂ ಇದೆಯಾ? ದುಡ್ಡು ಸ್ವಲ್ಪ ಹೊಂದಿಸಬಲ್ಲೆ.

ಬಿಸಿಲೂರು · ಭಾನುವಾರ ರಾತ್ರಿ 10:52

ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಮನೆಗೆ ಡಾಕ್ಟರ್ ಬರೋದೆಲ್ಲ ಬೆಂಗಳೂರಿನ ಕಥೆ. ನಮ್ಮ ಕಡೆ ಹಾವು ಕಚ್ಚಿದರೇ ಆಸ್ಪತ್ರೆಯಲ್ಲಿ ಡಾಕ್ಟರ್ ಸಿಗುವುದಿಲ್ಲ. ಮನಸ್ಸಿನ ಕಾಯಿಲೆಗೆ ಯಾರು ಹಳ್ಳಿಗೆ ಬರ್ತಾರೆ?

ಹಳೇ ಸೈಕಲ್ · ಸೋಮವಾರ ಬೆಳಿಗ್ಗೆ 6:20

ತಮ್ಮಾ ಬಿಸಿಲೂರು, ಅದು ಬೆಂಗಳೂರಿನ ಕಥೆ ಅಲ್ಲ. ಬಳ್ಳಾರಿಯ ಕಥೆ.

ನಾನು ಕಿರಿಯ ಆರೋಗ್ಯ ಸಹಾಯಕನಾಗಿ ಸೇವೆ ಮಾಡಿ ನಿವೃತ್ತಿಯಾದವನು. 1985ರ ಸುಮಾರಿಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನೇ ಪ್ರಯೋಗಕ್ಕೆ ಆರಿಸಿಕೊಂಡರು. ಆಗ ಹೊಸಪೇಟೆ, ಹಡಗಲಿ, ಕೂಡ್ಲಿಗಿ ಎಲ್ಲ ನಮ್ಮ ಜಿಲ್ಲೆಯಲ್ಲೇ ಇದ್ದವು. ಜನಸಂಖ್ಯೆ ಸುಮಾರು ಇಪ್ಪತ್ತು ಲಕ್ಷ. ಅಷ್ಟು ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರುವುದು? ಅದಕ್ಕೇ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೇ ತರಬೇತಿ ಕೊಟ್ಟರು. ಮಲೇರಿಯಾ ರಕ್ತ ತೆಗೆಯಲು ಮನೆ ಮನೆ ಸುತ್ತುವ ನಮ್ಮಂಥವರಿಗೂ ಕೊಟ್ಟರು.

ಔಷಧಿ ಕೈಬೆರಳಲ್ಲಿ ಎಣಿಸುವಷ್ಟು. ಸ್ಕಿಜೋಫ್ರೀನಿಯಾದಂಥವಕ್ಕೆ ಕ್ಲೋರ್‌ಪ್ರೊಮಜಿನ್, ಫ್ಲುಫೆನಜಿನ್ ಸೂಜಿ, ಖಿನ್ನತೆಗೆ ಇಮಿಪ್ರಮಿನ್, ಮೂರ್ಛೆಗೆ ಫಿನೋಬಾರ್ಬಿಟೋನ್. ಫಿಟ್ಸ್ ಬರುವವರನ್ನೂ ಇದರಲ್ಲೇ ಸೇರಿಸಿದ್ದರು. ಒಳ್ಳೆಯದೇ ಆಯಿತು. ಜನ ಮೊದಲು ನಂಬಿದ್ದು ಫಿಟ್ಸ್ ನಿಂತದ್ದನ್ನು ನೋಡಿ. ವಾರಕ್ಕೆರಡು ಸಲ ಬೀಳುತ್ತಿದ್ದ ಹುಡುಗಿ ಮೂರು ತಿಂಗಳು ಬೀಳಲಿಲ್ಲ ಅಂದರೆ ಊರೇ ನಮ್ಮ ಸೈಕಲ್ಲಿಗೆ ಕಾಯುತ್ತಿತ್ತು.

ನಾವು "ಹುಚ್ಚು ಯಾರಿಗಿದೆ?" ಅಂತ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಯಾರು ಹೇಳುತ್ತಾರೆ? "ಈ ಓಣಿಯಲ್ಲಿ ಒಬ್ಬರೇ ಮಾತಾಡಿಕೊಳ್ಳುವವರು, ನಿದ್ದೆ ಇಲ್ಲದವರು, ಮೊದಲು ದುಡಿಯುತ್ತಿದ್ದು ಈಗ ಸುಮ್ನೆ ಕೂತವರು ಇದ್ದಾರಾ?" ಅಂತ ಕೇಳುತ್ತಿದ್ದೆವು. ಹೋಟೆಲಿನವನಿಗೆ, ಕ್ಷೌರದವನಿಗೆ ಎಲ್ಲ ಗೊತ್ತಿರುತ್ತಿತ್ತು. ದೇಶದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಈ ತಿರುಗಾಟದಿಂದ. ಈಗ ಪುಸ್ತಕಗಳಲ್ಲಿ ಬಳ್ಳಾರಿ ಮಾದರಿ ಅನ್ನುತ್ತಾರೆ. ಬಳ್ಳಾರಿಯವರಿಗೇ ಗೊತ್ತಿಲ್ಲ.

ಬಿಸಿಲೂರು · ಸೋಮವಾರ ಬೆಳಿಗ್ಗೆ 8:05

ಗೊತ್ತಿರಲಿಲ್ಲ ಕಾಕಾ. ಆದರೆ ಅದು ನಲವತ್ತು ವರ್ಷದ ಹಿಂದಿನ ಮಾತು. ಈಗ?

ಗುಲಾಬಿ ಸೀರೆ · ಸೋಮವಾರ ಮಧ್ಯಾಹ್ನ 2:30

ಈಗ ನಾವಿದ್ದೇವೆ. ಆಶಾ ಕಾರ್ಯಕರ್ತೆ, ಮಾನ್ವಿ ಕಡೆ. ಸೈಕಲ್ಲೂ ಇಲ್ಲ, ನಡೆದೇ ಹೋಗುವುದು.

ಎಡದಂಡೆ ಅಣ್ಣ, ನಿಮ್ಮ ಅವ್ವನಿಗೆ ಮೊದಲು ನಿಮ್ಮೂರಿನ ಆಶಾಳ ಹತ್ತಿರ ಮಾತಾಡಲು ಹೇಳಿ. ಅವಳು ಮನೆಗೆ ಬಂದರೆ ಗಾಡಿ ಸದ್ದಾಗುವುದಿಲ್ಲ. ನಾನು ಇಂಥ ಮನೆಗೆ ಹೋದಾಗ ಕಾಯಿಲೆಯವರ ಹೆಸರೇ ಎತ್ತುವುದಿಲ್ಲ. ಅವ್ವನ ಬಿಪಿ ನೋಡುತ್ತೇನೆ, ಕಟ್ಟೆ ಮೇಲೆ ಕೂತು ನೀರು ಕುಡಿಯುತ್ತೇನೆ, ಬರುತ್ತೇನೆ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಒಳಗಿನಿಂದ "ಯಾರವ್ವಾ ಅದು?" ಅಂತ ದನಿ ಬಂದರೆ ಅರ್ಧ ಕೆಲಸ ಆದ ಹಾಗೆ.

ಒಂದು ಮನೆಯ ವಿಷಯ ಹೇಳುತ್ತೇನೆ. ಹಿತ್ತಲಿನ ಬೇವಿನ ಮರಕ್ಕೆ ಹುಡುಗನನ್ನು ಹಗ್ಗದಲ್ಲಿ ಕಟ್ಟಿದ್ದರು. ಕಾಲಿನ ಹತ್ತಿರ ಚರ್ಮ ಕಪ್ಪಾಗಿತ್ತು. ನನಗೆ ಸಿಟ್ಟು ಬಂತು, ಜೋರಾಗಿ ಮಾತಾಡಿದೆ. ಅವನ ತಾಯಿ ಹತ್ತಿ ಬಿಡಿಸಿ ಬಂದ ಉಡಿಯಲ್ಲೇ ನಿಂತು ಹೇಳಿದಳು: "ಕಟ್ಟದೇ ಹೋದರೆ ಕಾಲುವೆಗೆ ಹೋಗ್ತಾನೆ. ನೀನು ದಿನಾ ಬಂದು ಕಾಯ್ತೀಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಕ್ಲಿನಿಕ್ಕಿಗೆ ನಾನೇ ಅವಳ ಜೊತೆ ಹೋದೆ. ಗುಳಿಗೆ ಶುರುವಾಯಿತು. ಹಗ್ಗ ಬಿಚ್ಚಿದ್ದು ಎರಡು ತಿಂಗಳ ಮೇಲೆ. ಮೊದಲು ರಾತ್ರಿ ಹೊತ್ತು, ಆಮೇಲೆ ಪೂರ್ತಿ. ಬೈಯುವುದು ಸುಲಭ ಅಂತ ಅವತ್ತು ತಿಳಿಯಿತು.

ಬಿಸಿಲೂರು · ಸೋಮವಾರ ಸಂಜೆ 7:10

ಇಷ್ಟೆಲ್ಲ ಯಾಕೆ? ನಮ್ಮ ಮಾವನಿಗೂ ಹೀಗೇ ಆಗಿತ್ತು. ಗುಳಿಗೆ ಅಂದರೆ ತಟ್ಟೆ ಎಸೆಯುತ್ತಿದ್ದ. ಡಾಕ್ಟರ್ ಹತ್ತಿರ ವಿಷಯ ಹೇಳಿ ಚೀಟಿ ಬರೆಸಿಕೊಂಡೆವು, ಪುಡಿ ಮಾಡಿ ಸಾರಿನಲ್ಲಿ ಕಲಸಿ ಕೊಟ್ಟೆವು. ಎರಡು ವರ್ಷ ಗೊತ್ತೇ ಆಗಲಿಲ್ಲ. ಚೆನ್ನಾಗಿದ್ದಾನೆ. ಎಡದಂಡೆ ಅವರೇ, ಇದೇ ಸುಲಭದ ದಾರಿ. ಎಷ್ಟೋ ಮನೆಗಳಲ್ಲಿ ನಡೆಯುತ್ತೆ, ಯಾರೂ ಬರೆಯೋದಿಲ್ಲ ಅಷ್ಟೇ.

ಎಡದಂಡೆ · ಸೋಮವಾರ ಸಂಜೆ 7:48

ನಿಜ ಹೇಳಬೇಕೆಂದರೆ ನಾನೂ ಇದನ್ನೇ ಯೋಚಿಸಿದ್ದೆ. ಅವ್ವ ಒಪ್ಪಲಿಲ್ಲ.

ಜೀನ್ಸ್ ಟೇಲರ್ · ಸೋಮವಾರ ರಾತ್ರಿ 11:35

ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ಹೇಳಿ.

ನಾನು ಬಳ್ಳಾರಿಯವನು. ಜೀನ್ಸ್ ಹೊಲಿಯುತ್ತೇನೆ. ನನಗೆ ಬೈಪೋಲಾರ್, ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ. ಕಾಯಿಲೆ ಏರಿದಾಗ ಮನೆಯವರು ವಿಷ ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು. ಡಾಕ್ಟರು, ಅಮ್ಮ, ಅತ್ತಿಗೆ ಎಲ್ಲರೂ ಹೇಳುತ್ತಿದ್ದರು, "ಅದು ನಿನ್ನ ಭ್ರಮೆ, ಯಾರೂ ಏನೂ ಹಾಕುತ್ತಿಲ್ಲ" ಅಂತ. ಒಂದು ದಿನ ಮಜ್ಜಿಗೆ ಲೋಟದ ತಳದಲ್ಲಿ ಬಿಳಿ ಪುಡಿ ಕಂಡಿತು. ಅತ್ತಿಗೆ ಹಾಕಿದ್ದು. ಗುಳಿಗೆಯದು.

ಆ ಕ್ಷಣ ನನಗೆ ಏನನ್ನಿಸಿರಬೇಕು ಹೇಳಿ. ಹುಚ್ಚ ಅಂದ ನೀವೇ ಸುಳ್ಳು, ನಾನೇ ನಿಜ! ಆಮೇಲೆ ಏಳು ತಿಂಗಳು ನಾನು ಸಿಪ್ಪೆ ಇರುವುದನ್ನು ಬಿಟ್ಟು ಏನೂ ತಿನ್ನಲಿಲ್ಲ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಶೇಂಗಾ. ಮೊಟ್ಟೆಯನ್ನೂ ನಾನೇ ಬೇಯಿಸುತ್ತಿದ್ದೆ. ಹನ್ನೊಂದು ಕೆಜಿ ಇಳಿದೆ. ಅತ್ತಿಗೆ ಕೆಟ್ಟವಳಲ್ಲ, ನನ್ನನ್ನು ಉಳಿಸಲೆಂದೇ ಮಾಡಿದಳು. ಆದರೆ ಇವತ್ತಿಗೂ ಅವಳು ಕೊಟ್ಟ ಲೋಟವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತೇನೆ. ಬೇಕೆಂದು ಅಲ್ಲ, ಕೈ ತಾನೇ ಹೋಗುತ್ತದೆ.

ಬಿಸಿಲೂರು ಅಣ್ಣ, ನಿಮ್ಮ ಮಾವನಿಗೆ ಗೊತ್ತಾಗಿಲ್ಲ ಅಂದುಕೊಂಡಿದ್ದೀರಿ. ಗೊತ್ತಿಲ್ಲದೇ ಇರಲಿ ಅಂತ ನಾನೂ ಬಯಸುತ್ತೇನೆ.

ಈಗ ನಾನು ಲಿಥಿಯಂ ನುಂಗುತ್ತೇನೆ, ನನ್ನ ಕೈಯಾರೆ. ಮನೆಯಲ್ಲಿ ಇಟ್ಟುಕೊಂಡು ನೋಡುವವರು ಒಂದು ವಿಷಯ ತಿಳಿದಿರಬೇಕು. ನಮ್ಮ ಬಿಸಿಲು ಮತ್ತು ಲಿಥಿಯಂ ಒಂದಕ್ಕೊಂದು ಆಗುವುದಿಲ್ಲ. ಬೆವರಿ ಮೈಯ ನೀರು ಉಪ್ಪು ಹೋದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಒಂದು ಮೇ ತಿಂಗಳು ನನಗೆ ವಾಂತಿ, ಭೇದಿ, ಕೈ ನಡುಕ ಶುರುವಾಯಿತು. ನಡಿಗೆ ತೂರಾಡಿತು. ಮಾಲೀಕ ಕುಡಿದು ಬಂದಿದ್ದಾನೆ ಅಂದುಕೊಂಡ. ಮೈಕೈ ನೋವಿಗೆ ಮೆಡಿಕಲ್‌ನಿಂದ ತಂದ ಡೈಕ್ಲೋಫಿನಾಕ್ ಬೇರೆ ನುಂಗಿದ್ದೆ. ಅಂಥ ನೋವಿನ ಗುಳಿಗೆಯೂ ಲಿಥಿಯಂ ಏರಿಸುತ್ತದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಪರೀಕ್ಷೆಗೆ ಕೊನೆಯ ಗುಳಿಗೆ ನುಂಗಿ ಹನ್ನೆರಡು ತಾಸು ಆದ ಮೇಲೆ ರಕ್ತ ಕೊಡಬೇಕು. ಇದನ್ನೂ ನನಗೆ ಯಾರೂ ಮೊದಲು ಹೇಳಿರಲಿಲ್ಲ.

ಬಿಸಿಲೂರು · ಮಂಗಳವಾರ ಬೆಳಿಗ್ಗೆ 6:55

ಓದಿದೆ. ರಾತ್ರಿ ನಿದ್ದೆ ಬರಲಿಲ್ಲ. ಇನ್ನೇನು ಬರೆಯಬೇಕೋ ಗೊತ್ತಾಗುತ್ತಿಲ್ಲ.

ಕಟ್ಟೆ ಮಾತು · ಮಂಗಳವಾರ ರಾತ್ರಿ 9:00

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತ. ಕೊಪ್ಪಳ ಜಿಲ್ಲೆಯಲ್ಲಿ ಕೆಲಸ ಮಾಡಿದ್ದೇನೆ. ಜೀನ್ಸ್ ಟೇಲರ್ ಬರೆದದ್ದನ್ನು ನಮ್ಮ ತರಬೇತಿಯಲ್ಲಿ ಓದಿಸಬೇಕು.

ಎಡದಂಡೆ ಅವರೇ, ಮೊದಲು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮನೆಯಲ್ಲೇ ನೆರವು ಕೇಳುವುದು ನೀವು ಬೇಡುತ್ತಿರುವ ಉಪಕಾರ ಅಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂತು, 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೇ ಕಲಮು ಸರ್ಕಾರ ಕೊಡಬೇಕಾದ ಸೇವೆಗಳಲ್ಲಿ ಕುಟುಂಬಕ್ಕೆ ಬೆಂಬಲ ಮತ್ತು ಮನೆಯಲ್ಲೇ ಪುನರ್ವಸತಿಯನ್ನು ಹೆಸರಿಸಿಯೇ ಹೇಳಿದೆ. ಕೈಕಾಲಿಗೆ ಸರಪಳಿ ಹಾಕುವುದನ್ನು 95ನೇ ಕಲಮು ನಿಷೇಧಿಸಿದೆ. ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಕಡೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಹಾಗಂತ ಗುಲಾಬಿ ಸೀರೆ ಅಕ್ಕ ನೋಡಿದ ಮನೆಗೆ ಪೊಲೀಸರನ್ನು ಕಳಿಸಿದ್ದರೆ ಹುಡುಗನಿಗೆ ಗುಳಿಗೆ ಸಿಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಅಕ್ಕ ಮಾಡಿದ್ದೇ ಸರಿ.

ಇನ್ನು ನಡೆಯುವ ರೀತಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಮನಶ್ಶಾಸ್ತ್ರಜ್ಞರು, ನಮ್ಮಂಥ ಸಮಾಜ ಕಾರ್ಯಕರ್ತರು, ನರ್ಸ್ ಇರಬೇಕು. ನಿಮಗೆ ಹತ್ತಿರದ ದಾರಿ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್, ಗುಲಾಬಿ ಸೀರೆ ಅಕ್ಕ ಹೇಳಿದ ಮಂಗಳವಾರದ್ದು. ಯಾವ ಮಂಗಳವಾರ ಎಂದು ಮೊದಲು ಕೇಳಿಕೊಳ್ಳಿ. ಅಣ್ಣ ಬರಬೇಕಿಲ್ಲ. ಮೊದಲ ಸಲ ನೀವು, ಅವ್ವ ಹೋಗಿ. ಹಳೆಯ ಚೀಟಿ ಇದ್ದರೆ ಒಯ್ಯಿರಿ. ಯಾವ ಔಷಧಿಗೆ ನಾಲಿಗೆ ದಪ್ಪ ಆಯಿತು ಅನ್ನುವುದು ಡಾಕ್ಟರಿಗೆ ಬಹಳ ಮುಖ್ಯ. ಅದು ಅಣ್ಣನ ಹಟ ಅಲ್ಲ, ಔಷಧಿಯ ಅಡ್ಡ ಪರಿಣಾಮ. ಡೋಸ್ ಇಳಿಸಿ, ಬೇರೆ ಔಷಧಿ ಕೊಟ್ಟು, ಇಲ್ಲವೇ ಜೊತೆಗೆ ನಡುಕ ತಡೆಯುವ ಟ್ರೈಹೆಕ್ಸಿಫೆನಿಡಿಲ್ ಕೊಟ್ಟು ಸರಿಪಡಿಸಬಹುದಿತ್ತು. ಹತ್ತು ವರ್ಷದ ಹಿಂದೆ ಯಾರಾದರೂ ಮನೆಗೆ ಬಂದು "ಗುಳಿಗೆ ಹೇಗೆ ಆಗ್ತಾ ಇದೆ?" ಅಂತ ಕೇಳಿದ್ದರೆ ಸಾಕಿತ್ತು. ನನಗೆ ಇದನ್ನು ಬರೆಯುವಾಗಲೂ ಸಂಕಟ ಆಗುತ್ತದೆ.

ಮನೆ ಭೇಟಿಯಲ್ಲಿ ನಾವು ಇಬ್ಬರಿಗಿಂತ ಜಾಸ್ತಿ ಹೋಗುವುದಿಲ್ಲ. ಜೀಪನ್ನು ಊರ ಹೊರಗೇ ಬಿಡುತ್ತೇವೆ. ಬಿಳಿ ಕೋಟು ಇಲ್ಲ. ಧ್ವನಿ ಕೇಳಿಸುತ್ತದಾ, ಅನುಮಾನ ಇದೆಯಾ ಅಂತ ಶುರು ಮಾಡುವುದಿಲ್ಲ. "ನಿದ್ದೆ ಹೇಗಿದೆ?" ಅಂತ ಕೇಳುತ್ತೇವೆ. ಎಂಥವರೂ ನಿದ್ದೆಯ ಬಗ್ಗೆ ಮಾತಾಡುತ್ತಾರೆ. ಅವರಿಗೆ ಬೇಕಾದ ಒಂದು ವಿಷಯ ಸಿಕ್ಕರೆ ಅಲ್ಲಿಂದ ಮುಂದಕ್ಕೆ. ಮನೋವೈದ್ಯರು ವಿಡಿಯೊ ಕರೆಯಲ್ಲಿ ಮಾತಾಡಬಹುದು. ಗುಳಿಗೆ ದಿನಾ ಬೇಡ ಅನ್ನುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕುವ ಸೂಜಿ ಇದೆ, ಅವರು ಒಪ್ಪಿದರೆ. ಒಪ್ಪಿದರೆ ಅನ್ನುವುದನ್ನು ಮತ್ತೆ ಬರೆಯುತ್ತೇನೆ.

ಗುಳಿಗೆ ಶುರುವಾದ ಮೇಲೆ ಕೆಲಸ ಮುಗಿಯಿತು ಅಂತ ಅಲ್ಲ. ತೂಕ, ಸಕ್ಕರೆ ನೋಡಬೇಕು. ಓಲಾಂಜಪಿನ್‌ನಂಥ ಗುಳಿಗೆಗಳು ಎರಡನ್ನೂ ಏರಿಸುತ್ತವೆ. ಎಮ್ಮೆಗೆ ನೀರು ಕುಡಿಸುವುದು, ಸ್ನಾನ, ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ತರುವುದು, ಒಂದೊಂದೇ ಹಿಂದಕ್ಕೆ ಬರಬೇಕು. ಗೋವಾ, ಸಾತಾರಾ, ತಮಿಳುನಾಡು ಈ ಮೂರು ಕಡೆ 282 ಜನ ಸ್ಕಿಜೋಫ್ರೀನಿಯಾ ಇರುವವರೊಂದಿಗೆ ಇದನ್ನೇ ಅಳೆದು ನೋಡಿದ್ದಾರೆ. ಊರಿನ ಕಾರ್ಯಕರ್ತರು ಮನೆಗೆ ಹೋಗಿ ಹೀಗೆ ಜೊತೆಗೆ ನಿಂತವರಿಗೆ, ಬರೀ ಆಸ್ಪತ್ರೆಗೆ ಹೋಗಿ ಬರುವವರಿಗಿಂತ ಸ್ವಲ್ಪ ಹೆಚ್ಚು ಗುಣ ಕಂಡಿತು. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2014ರಲ್ಲಿ ಬಂತು. ಸ್ವಲ್ಪ ಅಂದೆ, ಪವಾಡ ಅಲ್ಲ.

ಮಧ್ಯರಾತ್ರಿ ಏನಾದರೂ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಕನ್ನಡದಲ್ಲಿ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ. ಅವ್ವನೂ ಮಾಡಬಹುದು. ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ.

ಮುದ್ದೆಬಿಹಾಳ ಬಸ್ಸು · ಮಂಗಳವಾರ ರಾತ್ರಿ 9:40

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಲಿಂಗಸುಗೂರಿನಲ್ಲಿ ನಮ್ಮ ಅಜ್ಜಿ, 78 ವರ್ಷ. ಮೊನ್ನೆಯವರೆಗೆ ಚೆನ್ನಾಗಿದ್ದವರು ನಿನ್ನೆಯಿಂದ ಏನೇನೋ ಮಾತಾಡುತ್ತಿದ್ದಾರೆ. ಸತ್ತ ಅಜ್ಜ ಬಂದಿದ್ದಾನೆ ಅಂತಾರೆ. ಇದಕ್ಕೂ 14416 ಮಾಡಲಾ?

ಕಟ್ಟೆ ಮಾತು · ಮಂಗಳವಾರ ರಾತ್ರಿ 9:46

ಬೇಡ, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದೆರಡು ದಿನದಲ್ಲಿ ಹೀಗಾದರೆ ಅದು ಮನಸ್ಸಿನದಲ್ಲ, ಮೈಯಲ್ಲಿ ಏನೋ ಕೆಟ್ಟಿದೆ. ಜ್ವರ, ಮೂತ್ರದ ಸೋಂಕು, ಸಕ್ಕರೆ ಇಳಿದಿರಬಹುದು, ಈ ಬಿಸಿಲಿಗೆ ಸೋಡಿಯಂ ಇಳಿದಿರಬಹುದು. ಕುಡಿತ ಬಿಟ್ಟ ಎರಡು ಮೂರನೇ ದಿನಕ್ಕೆ ನಡುಕ ಬಂದು ಇಲ್ಲದ್ದು ಕಾಣತೊಡಗಿದರೂ ಹೀಗೇ, ಕಾಯುವಂತಿಲ್ಲ.

ಮುದ್ದೆಬಿಹಾಳ ಬಸ್ಸು · ಬುಧವಾರ ಮಧ್ಯಾಹ್ನ 12:15

ಸೋಡಿಯಂ ಇಳಿದಿತ್ತು. ಡ್ರಿಪ್ ಹಾಕಿದ್ದಾರೆ. ಸರ್, ನಿಮ್ಮ ಋಣ ದೊಡ್ಡದು.

ಗಂಗಾವತಿ ಅಕ್ಕ · ಬುಧವಾರ ರಾತ್ರಿ 12:20

ಮೂರು ದಿನದಿಂದ ಓದುತ್ತಿದ್ದೇನೆ. ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ. ಆದರೂ ಒಂದು ಮಾತು ಕೇಳಬೇಕು. ಮನೆಯಲ್ಲಿ ಆರೈಕೆ, ಮನೆಯಲ್ಲಿ ಚಿಕಿತ್ಸೆ ಅಂತೀರಲ್ಲ, ಆ ಮನೆಯಲ್ಲಿ ಇರುವುದು ಯಾರು?

ನಾನು. ಹದಿನಾಲ್ಕು ವರ್ಷದಿಂದ. ನನ್ನ ಗಂಡನಿಗೂ ಸ್ಕಿಜೋಫ್ರೀನಿಯಾ. ಅವರು ಗುಳಿಗೆ ನುಂಗುತ್ತಾರೆ, ಸುಮಾರಾಗಿ ಇದ್ದಾರೆ. ಸುಮಾರಾಗಿ ಅಂದರೆ ಏನೆಂದು ಹೇಳುತ್ತೇನೆ. ರಾತ್ರಿ ಎರಡಕ್ಕೆ ಎದ್ದು ಬಾಗಿಲು ನೋಡುತ್ತಾರೆ. ನಾನೂ ಏಳಬೇಕು. ಅಕ್ಕಿ ಗಿರಣಿಯಲ್ಲಿ ನನಗೆ ಬೆಳಿಗ್ಗೆ ಎಂಟಕ್ಕೆ ಕೆಲಸ. ಮಧ್ಯಾಹ್ನ ಓಡಿ ಬಂದು ಊಟ ಕೊಟ್ಟು ಓಡಬೇಕು. ಅವರ ಅಣ್ಣ ತಮ್ಮಂದಿರು ದೀಪಾವಳಿಗೆ ಬರುತ್ತಾರೆ. "ವೈನಿ, ನೀವು ದೇವರು" ಅಂತಾರೆ. ಹೋಗುತ್ತಾರೆ. ದೇವರಾದರೆ ಕಲ್ಲು, ನಿದ್ದೆ ಬೇಡ. ನನಗೆ ಬೇಕು.

ಆಸ್ಪತ್ರೆಯವರು ಮನೆಗೆ ಕಳಿಸುತ್ತಾರೆ. ಸರ್ಕಾರ ಮನೆಯೇ ಮೇಲು ಅನ್ನುತ್ತದೆ. ನನಗೂ ಅವರು ಮನೆಯಲ್ಲಿರುವುದೇ ಇಷ್ಟ. ಎಲ್ಲಿಗೋ ಕಳಿಸಲು ಮನಸ್ಸಿಲ್ಲ. ಆದರೆ ಎಲ್ಲರೂ ಬಂದು ಅವರ ನಿದ್ದೆ ಕೇಳುತ್ತಾರೆ. ನನ್ನ ನಿದ್ದೆ ಯಾರೂ ಕೇಳುವುದಿಲ್ಲ. ಒಮ್ಮೆ ಒಬ್ಬ ನರ್ಸಮ್ಮ ಮನೆಗೆ ಬಂದಾಗ ನನ್ನ ಬಿಪಿ ನೋಡಿದಳು, 170 ಇತ್ತು. ಅವತ್ತು ನಾನು ಅತ್ತೆ. ಬಿಪಿಗೆ ಅಲ್ಲ, ಪಟ್ಟಿ ನನ್ನ ತೋಳಿಗೂ ಕಟ್ಟಿದಳಲ್ಲ ಅಂತ.

ಎಡದಂಡೆ ತಮ್ಮಾ, ಸಿಟ್ಟಿಗೇಳಬೇಡ. ನೀನು ಮೊದಲ ದಿನ ಬರೆದದ್ದನ್ನು ಎರಡು ಸಲ ಓದಿದೆ. ಅಣ್ಣನ ವಯಸ್ಸು ಬರೆದಿದ್ದೀ. ಅವ್ವನ ವಯಸ್ಸು ಬರೆದಿಲ್ಲ.

ಎಡದಂಡೆ · ಬುಧವಾರ ರಾತ್ರಿ 12:58

67 ಅಕ್ಕ.

ಎಡದಂಡೆ · ಬುಧವಾರ ರಾತ್ರಿ 1:10

ಸಕ್ಕರೆ ಕಾಯಿಲೆ ಇದೆ. ಮೊಣಕಾಲು ನೋವು. ಹುಲಿಗೆಮ್ಮನ ಹರಕೆ ಬಾಕಿ ಇದೆ ಅಂತ ವರ್ಷಗಟ್ಟಲೆ ಹೇಳುತ್ತಿದ್ದಾರೆ. ಅಣ್ಣನನ್ನು ಬಿಟ್ಟು ಹೋಗಲು ಆಗಿಲ್ಲ. ನಾನು ತಿಂಗಳಿಗೆ ದುಡ್ಡು ಕಳಿಸುತ್ತೇನೆ, ಅಷ್ಟೇ. ಇನ್ನೇನೂ ಇಲ್ಲ ಹೇಳಲು.

ಗುಲಾಬಿ ಸೀರೆ · ಗುರುವಾರ ಬೆಳಿಗ್ಗೆ 7:30

ಅಕ್ಕ ಬರೆದದ್ದನ್ನು ನಮ್ಮ ಮೇಡಂಗೆ ತೋರಿಸಿದೆ. ಸುಮ್ಮನಾದರು. ನಾನು ಆ ಹತ್ತಿ ಬಿಡಿಸುವ ತಾಯಿಯ ಬಿಪಿ ಯಾವತ್ತೂ ನೋಡಿಲ್ಲ ಅಂತ ಈಗ ನೆನಪಾಗುತ್ತಿದೆ.

ಕಟ್ಟೆ ಮಾತು · ಗುರುವಾರ ರಾತ್ರಿ 8:50

ಅಕ್ಕನ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇರುವಷ್ಟು ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಮಾನಸಧಾರ ಅಂತ ಹಗಲು ಆರೈಕೆ ಕೇಂದ್ರಗಳಿವೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಆದರೆ ಹಳ್ಳಿಯಿಂದ ದಿನಾ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದು ಯಾರಿಗೆ ಸಾಧ್ಯ? ಶಕ್ತಿ ಯೋಜನೆಯಲ್ಲಿ ಅಕ್ಕನಿಗೆ ಬಸ್ಸು ಪುಕ್ಕಟೆ, ಗಂಡನಿಗೆ ಟಿಕೆಟ್ಟು.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಮಾಸಾಶನಕ್ಕೆ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿಯಲ್ಲಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಅದು ಅವರದೇ ಕೆಲಸ. ನಿರಾಮಯ ವಿಮೆ ಮಾಡಿಸಿ ಅಂತ ಯಾರಾದರೂ ಹೇಳಿದರೆ ಓಡಾಡಬೇಡಿ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯದಂಥವಕ್ಕೆ. ಸ್ಕಿಜೋಫ್ರೀನಿಯಾಕ್ಕೆ ಇಲ್ಲ.

ಉಳಿದದ್ದು ಮನೆಯವರದೇ. ವಾರಕ್ಕೆ ಅರ್ಧ ದಿನ. ಒಬ್ಬರು ಬಂದು ಕೂರಬೇಕು, ಅಕ್ಕ ಹೊರಗೆ ಹೋಗಬೇಕು. ನಾನು ಮನೆ ಭೇಟಿಯಲ್ಲಿ ಇದನ್ನು ಔಷಧಿಯ ಹಾಗೆ ಚೀಟಿಯಲ್ಲೇ ಬರೆಯುತ್ತೇನೆ: ಭಾನುವಾರ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡು, ಮೈದುನ. ಬಾಯಿಮಾತಿಗೆ ಯಾರೂ ಬರುವುದಿಲ್ಲ. ಸರ್ಕಾರಿ ಚೀಟಿಯಲ್ಲಿ ಬರೆದರೆ ಕೆಲವರು ಬರುತ್ತಾರೆ.

ಗಂಗಾವತಿ ಅಕ್ಕ · ಗುರುವಾರ ರಾತ್ರಿ 11:15

ಚೀಟಿಯ ಉಪಾಯ ಚೆನ್ನಾಗಿದೆ. ನನ್ನ ಮೈದುನಂದಿರಿಗೆ ಸೀಲು ಹಾಕಿದ್ದೇ ಬೇಕಾಗಬಹುದು.

ಹಳೇ ಸೈಕಲ್ · ಶುಕ್ರವಾರ ಬೆಳಿಗ್ಗೆ 6:15

ನಮ್ಮ ಕಾಲದ ರಿಜಿಸ್ಟರಿನಲ್ಲಿ ರೋಗಿಯ ಹೆಸರು, ಗುಳಿಗೆ, ತಾರೀಖು ಇಷ್ಟೇ ಕಾಲಮ್ಮು. ನೋಡಿಕೊಳ್ಳುವವರಿಗೆ ಕಾಲಮ್ಮೇ ಇರಲಿಲ್ಲ. ಅಕ್ಕನ ಮಾತು ಓದಿದ ಮೇಲೆ ತೋಚಿತು.

ಎಡದಂಡೆ · ಐದು ವಾರಗಳ ನಂತರ, ಶನಿವಾರ ಸಂಜೆ 5:30

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು. ಹದಿನೈದು ದಿನ ರಜೆ ಹಾಕಿ ಊರಿಗೆ ಬಂದಿದ್ದೇನೆ.

ಬಂದ ಮಾರನೇ ದಿನ ಅವ್ವ, ನಾನು ಮಂಗಳವಾರದ ಕ್ಲಿನಿಕ್ಕಿಗೆ ಹೋದೆವು. ಹಳೆಯ ಚೀಟಿ ಅವ್ವ ಟ್ರಂಕಿನಲ್ಲಿ ಇಟ್ಟಿದ್ದರು. ಹ್ಯಾಲೋಪೆರಿಡಾಲ್ ಕೊಟ್ಟಿದ್ದರಂತೆ, ಜೊತೆಗೆ ನಡುಕ ತಡೆಯುವ ಗುಳಿಗೆ ಬರೆದಿರಲಿಲ್ಲ. ಗುರುವಾರ ನಮ್ಮೂರ ಆಶಾ ಒಬ್ಬರೇ ಬಂದರು. ಅವ್ವನ ಬಿಪಿ, ಸಕ್ಕರೆ, ಆಮೇಲೆ ನನ್ನದು. ಅಣ್ಣ ಕಿಟಕಿಯಿಂದ ನೋಡುತ್ತಿದ್ದ. ಅವರು ಹೋದ ಮೇಲೆ "ನಿನಗೆ ಎಷ್ಟು ಬಂತು?" ಅಂತ ಕೇಳಿದ. ಎಷ್ಟೋ ವರ್ಷಗಳ ಮೇಲೆ ಅವನು ನನಗೆ ಕೇಳಿದ ಮೊದಲ ಪ್ರಶ್ನೆ.

ಎರಡನೇ ಭೇಟಿಗೆ ಸಮಾಜ ಕಾರ್ಯಕರ್ತರೊಬ್ಬರು ಜೊತೆಗೆ ಬಂದರು. ಬಾಗಿಲು ಅರ್ಧ ತೆರೆಯಿತು. ನಿದ್ದೆಯ ಮಾತೇ ಬಂತು, ನೀವು ಹೇಳಿದ ಹಾಗೆ. ಬಿಪಿ ನೋಡಿಸಿಕೊಂಡ. ಗುಳಿಗೆ ಬೇಡ ಎಂದ. ಅವರು ಸರಿ ಎಂದು ಹೋದರು. ಇವತ್ತು ಬೆಳಿಗ್ಗೆ ಮೂರನೇ ಭೇಟಿ. ಫೋನಿನಲ್ಲಿ ಡಾಕ್ಟರ ಜೊತೆ ಮಾತಾಡಿದ, ವಿಡಿಯೊ ಬೇಡ, ಬರೀ ದನಿ ಸಾಕು ಎಂದ. "ನಾಲಿಗೆ ದಪ್ಪ ಆಗದಿದ್ದರೆ ನೋಡ್ತೀನಿ" ಅಂದಿದ್ದಾನೆ. ಗುಳಿಗೆಯ ಪಟ್ಟಿ ಅವನ ಕೋಣೆಯಲ್ಲಿ, ಅವನ ಕೈಯಲ್ಲಿ ಇದೆ. ನುಂಗಿದ್ದಾನೋ ಇಲ್ಲವೋ ನಾನು ಎಣಿಸಿಲ್ಲ.

ಒಂದು ಹೊಸ ವಿಷಯ ಗೊತ್ತಾಯಿತು. ಅವನು ಚಹಾ ಯಾರ ಕೈಯಿಂದಲೂ ಕುಡಿಯುವುದಿಲ್ಲ, ತಾನೇ ಮಾಡಿಕೊಳ್ಳುತ್ತಾನೆ. ಚೆನ್ನಾಗಿ ಮಾಡುತ್ತಾನೆ. ಈಗ ಎರಡು ಲೋಟ ಮಾಡುತ್ತಿದ್ದಾನೆ. ಜೀನ್ಸ್ ಟೇಲರ್ ಅಣ್ಣ, ಲೋಟ ಬೆಳಕಿಗೆ ಹಿಡಿಯದೇ ಕುಡಿಯುತ್ತೇನೆ.

ಜೀನ್ಸ್ ಟೇಲರ್ · ಶನಿವಾರ ಸಂಜೆ 6:40

ಸಕ್ಕರೆ ಜಾಸ್ತಿ ಹಾಕ್ತಾನಾ? ನಾವು ಕಾಯಿಲೆಯವರು ಸಕ್ಕರೆ ಜಾಸ್ತಿ.

ಎಡದಂಡೆ · ಶನಿವಾರ ಸಂಜೆ 6:52

ಮೂರು ಚಮಚ.

ಗಂಗಾವತಿ ಅಕ್ಕ · ಶನಿವಾರ ರಾತ್ರಿ 9:30

ಖುಷಿಯಾಯಿತು ತಮ್ಮಾ. ಅವ್ವ ಹುಲಿಗಿಗೆ ಹೋಗಿ ಬಂದರಾ?

ಎಡದಂಡೆ · ಶನಿವಾರ ರಾತ್ರಿ 9:41

ನಿನ್ನೆ ಹೊರಟರು ಅಕ್ಕ. ಬೆಳಿಗ್ಗೆ ಸೀರೆ ಉಟ್ಟು, ಹಣ್ಣುಕಾಯಿ ಚೀಲ ಹಿಡಿದು, ನಾನೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದೆ. ಕಾರಟಗಿಯಲ್ಲಿ ಚಿಕ್ಕಮ್ಮನನ್ನು ಕರೆದುಕೊಂಡು ಮುಂದೆ ಹೋಗಬೇಕಿತ್ತು. ಚಿಕ್ಕಮ್ಮನ ಮನೆಯಲ್ಲಿ ಒಂದು ಲೋಟ ನೀರು ಕುಡಿದು, ಸ್ವಲ್ಪ ಕಾಲು ಚಾಚುತ್ತೇನೆ ಅಂದರಂತೆ. ಸಂಜೆ ಐದರ ತನಕ ಎದ್ದೇ ಇಲ್ಲ. ಚಿಕ್ಕಮ್ಮ ಫ್ಯಾನು ಹಾಕಿ, ಬಾಗಿಲು ಮುಂದೆ ಮಾಡಿ, ಮಕ್ಕಳನ್ನು ಹೊರಗೆ ಕಳಿಸಿದ್ದಾರೆ.

ಹಣ್ಣುಕಾಯಿ ಹಾಗೇ ವಾಪಸ್ ಬಂತು. ಮುಂದಿನ ಮಂಗಳವಾರ ಇನ್ನೊಮ್ಮೆ ಕಳಿಸುತ್ತೇನೆ.